ನಿಯಮ ಕಡತದಲ್ಲಿ, ಕಿರುಕುಳ ಠಾಣೆಯಲ್ಲಿ: ಅಗ್ನಿಶಾಮಕ ಇಲಾಖೆಯಲ್ಲಿ ಹೊಣೆ ಯಾರದು?

ರಾತ್ರಿಪಾಳಿ:

ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ನಗರದ ಅಗ್ನಿಶಾಮಕ ಇಲಾಖೆಯಲ್ಲಿ ನನಗೆ ಕೆಲಸ. ಬೆಂಕಿ ಆರಿಸುವುದೂ ಉಂಟು, ಆಂಬ್ಯುಲೆನ್ಸ್‌ನಲ್ಲಿ ಪ್ಯಾರಾಮೆಡಿಕ್ ಆಗಿ ಹೋಗುವುದೂ ಉಂಟು. ಊರಿನ ಹೆಸರು ಬೇಡ. ನಮ್ಮ ಕನ್ನಡ ಸಂಘದ ಊಟದ ಪಂಕ್ತಿಯಲ್ಲಿ ಎದ್ದ ಒಂದು ವಾದವನ್ನು ಇಲ್ಲಿ ಇಡುತ್ತಿದ್ದೇನೆ. ಯಾವುದೋ ಕಂಪನಿಯ ಸಿಬ್ಬಂದಿ ವಿಭಾಗದಲ್ಲಿರುವ ಹಿರಿಯರೊಬ್ಬರು, "ಲೈಂಗಿಕ ಕಿರುಕುಳ ಕೂಡದು ಎಂದು ನಗರಾಡಳಿತ ಬರೆದಿಟ್ಟರೆ ಅದರ ಜವಾಬ್ದಾರಿ ಮುಗಿಯಿತು. ಆಮೇಲೆ ಯಾವ ಕ್ಯಾಪ್ಟನ್ ಏನು ಮಾಡಿದರೂ ಅದು ಅವನ ಕರ್ಮ" ಎಂದರು. ಸುತ್ತ ಕುಳಿತವರು ತಲೆಯಾಡಿಸಿದರು.

ನನಗೆ ಒಪ್ಪಿಗೆಯಾಗಲಿಲ್ಲ. ನಮ್ಮದು 24 ಗಂಟೆಯ ಪಾಳಿ. ಅಡುಗೆ ಅಲ್ಲೇ, ಊಟ ಅಲ್ಲೇ, ನಿದ್ದೆಯೂ ಅಲ್ಲೇ. ಯಾರ ಮಂಚ ಎಲ್ಲಿ, ಯಾರು ಯಾವ ವಾಹನದಲ್ಲಿ ಕೂರಬೇಕು, ಇವತ್ತು ಶೌಚಾಲಯ ತೊಳೆಯುವವರು ಯಾರು, ಹೊಗೆ ತುಂಬಿದ ಮನೆಯೊಳಗೆ ನನ್ನ ಬೆನ್ನಿಗೆ ಬರುವವರು ಯಾರು, ಎಲ್ಲವನ್ನೂ ತೀರ್ಮಾನಿಸುವವರು ಕ್ಯಾಪ್ಟನ್. ನಗರಾಡಳಿತದವರು ನಮ್ಮ ಠಾಣೆಗೆ ಕಾಲಿಡುವುದು ಹೊಸ ವಾಹನದ ಉದ್ಘಾಟನೆಗೆ, ಇಲ್ಲವೇ ಯಾರಾದರೂ ಸತ್ತಾಗ.

ನನ್ನ ಪ್ರಶ್ನೆ ಎರಡು. ನಿಯಮ ಬರೆದಿಟ್ಟ ಮಾತ್ರಕ್ಕೆ ನಗರ ಪಾರಾಗುತ್ತದೆಯೇ? ಕ್ಯಾಪ್ಟನ್ ಮಾಡಿದ್ದಕ್ಕೂ ಪಕ್ಕದ ಮಂಚದವನು ಮಾಡಿದ್ದಕ್ಕೂ ಕಾನೂನಿನಲ್ಲಿ ವ್ಯತ್ಯಾಸ ಉಂಟೇ?

ಕಾನೂನು ಕಪಾಟು:

ಈ ವಿಷಯದ ವಕಾಲತ್ತು ನನ್ನ ಹೊಟ್ಟೆಪಾಡು, ಹಾಗಾಗಿ ಸ್ವಲ್ಪ ಉದ್ದವಾದೀತು. ನಿಮ್ಮ ಮೊದಲ ಪ್ರಶ್ನೆಗೆ ಅಮೆರಿಕದ ಸುಪ್ರೀಂ ಕೋರ್ಟ್ 1998ರ ಜೂನ್ 26ರಂದೇ ಉತ್ತರ ಕೊಟ್ಟಿದೆ. ಉದ್ಯೋಗದಲ್ಲಿ ತಾರತಮ್ಯ ತಡೆಯುವ 1964ರ ನಾಗರಿಕ ಹಕ್ಕುಗಳ ಕಾಯ್ದೆಯಡಿ ನಡೆದ, ಫಾರಘರ್ ವಿರುದ್ಧ ಬೋಕಾ ರಟಾನ್ ನಗರ ಎಂಬ ಪ್ರಕರಣ. ಅದು ಅಗ್ನಿಶಾಮಕ ಇಲಾಖೆಯದಲ್ಲ, ಫ್ಲಾರಿಡಾದ ಕಡಲತೀರದಲ್ಲಿ ಮುಳುಗುವವರನ್ನು ಕಾಪಾಡುವ ಜೀವರಕ್ಷಕರದು. ಆದರೆ ತೀರ್ಪಿನ ಮೊದಲ ಪುಟಗಳನ್ನು ಓದಿದರೆ ನಿಮ್ಮ ಠಾಣೆಯೇ ಕಣ್ಣ ಮುಂದೆ ಬರುತ್ತದೆ. ಒಂದೇ ಮಹಡಿಯ ಪುಟ್ಟ ಕಟ್ಟಡ. ಅದರಲ್ಲಿ ಒಂದು ಕಚೇರಿ, ಒಂದು ಸಭೆಯ ಕೋಣೆ, ಗಂಡಸರು ಹೆಂಗಸರಿಗೆಲ್ಲ ಸೇರಿ ಬಟ್ಟೆ ಬದಲಾಯಿಸಲು ಒಂದೇ ಕೋಣೆ. 40-50 ಮಂದಿ ಜೀವರಕ್ಷಕರಲ್ಲಿ ಹೆಂಗಸರು ನಾಲ್ಕರಿಂದ ಆರು. ಲೆಫ್ಟಿನೆಂಟ್, ಕ್ಯಾಪ್ಟನ್, ಅವರ ಮೇಲೆ ವಿಭಾಗದ ಮುಖ್ಯಸ್ಥ, ಹೀಗೆ ಅರೆಸೇನೆಯ ಮಾದರಿಯ ಶ್ರೇಣಿ.

ಮುಖ್ಯಸ್ಥನು ಹೆಂಗಸರ ಮೈ ಮುಟ್ಟುತ್ತಿದ್ದ, ಅಸಭ್ಯವಾಗಿ ಮಾತನಾಡುತ್ತಿದ್ದ. ಹೆಣ್ಣನ್ನು ಲೆಫ್ಟಿನೆಂಟ್ ಹುದ್ದೆಗೆ ಎಂದೂ ಏರಿಸುವುದಿಲ್ಲ ಎಂದೂ ಹೇಳಿದ್ದ. ದಿನದ ಕೆಲಸ ಹಂಚುತ್ತಿದ್ದ ಇನ್ನೊಬ್ಬ ಅಧಿಕಾರಿ ದಾವೆ ಹೂಡಿದ ಫಾರಘರ್‌ಗೆ ಹೇಳಿದ ಮಾತು ಕಾನೂನು ವಿದ್ಯಾರ್ಥಿಗಳಿಗೆಲ್ಲ ಬಾಯಿಪಾಠ: ನನ್ನೊಂದಿಗೆ ಸುತ್ತಾಡಲು ಬಾ, ಇಲ್ಲವಾದರೆ ಒಂದು ವರ್ಷ ಶೌಚಾಲಯ ತೊಳೆ.

ನಗರಾಡಳಿತ 1986ರ ಫೆಬ್ರುವರಿಯಲ್ಲೇ ಕಿರುಕುಳದ ವಿರುದ್ಧ ನಿಯಮ ಹೊರಡಿಸಿತ್ತು. ನಿಮ್ಮ ಸಂಘದ ಹಿರಿಯರ ಲೆಕ್ಕದಲ್ಲಿ ಅಲ್ಲಿಗೆ ಜವಾಬ್ದಾರಿ ಮುಗಿಯಬೇಕಿತ್ತು. ಆದರೆ ಆ ಕಾಗದ ಕಡಲತೀರದ ಕಟ್ಟಡಕ್ಕೆ ತಲುಪಲೇ ಇಲ್ಲ. ಹೆಂಗಸರು ತಮ್ಮ ಕಷ್ಟವನ್ನು ಕೆಳಗಿನ ಅಧಿಕಾರಿಯೊಬ್ಬರ ಹತ್ತಿರ ಹೇಳಿಕೊಂಡಿದ್ದರು. ಅವರು ಮೇಲಕ್ಕೆ ತಿಳಿಸಲಿಲ್ಲ. ಒಬ್ಬಾಕೆಗೆ, ನಗರಕ್ಕೆ ಇದರ ಬಗ್ಗೆ ಕಾಳಜಿಯೇ ಇಲ್ಲ ಎಂದುಬಿಟ್ಟರು. ಕೋರ್ಟ್ 7-2 ಬಹುಮತದಿಂದ ನಗರವನ್ನು ಹೊಣೆಯಾಗಿಸಿತು. ನ್ಯಾಯಮೂರ್ತಿ ಡೇವಿಡ್ ಸೌಟರ್ ಎತ್ತಿ ತೋರಿಸಿದ ಕೊರತೆಗಳು ಮೂರು: ನಿಯಮ ಕೆಲಸಗಾರರಿಗೆ ತಲುಪಿಲ್ಲ, ಮೇಲಧಿಕಾರಿಗಳ ವರ್ತನೆಯ ಮೇಲೆ ನಗರ ಕಣ್ಣಿಟ್ಟಿಲ್ಲ, ಕಿರುಕುಳ ಕೊಡುವ ಅಧಿಕಾರಿಯನ್ನೇ ದಾಟಿ ದೂರು ಕೊಡಲು ಆ ನಿಯಮದಲ್ಲಿ ದಾರಿ ಇಲ್ಲ.

ಸಾಗರದ ಅಳಿಯ:

ವಕೀಲರೇ, ಒಂದು ಅನುಮಾನ. ಹಾಗಾದರೆ ನಿಯಮ ಮಾಡಿದ ನಗರಕ್ಕೂ ಮಾಡದ ನಗರಕ್ಕೂ ವ್ಯತ್ಯಾಸವೇ ಇಲ್ಲವೇ? ನಾನು ನಮ್ಮ ಊರಿನ ಆಯವ್ಯಯ ಸಮಿತಿಯಲ್ಲಿ ಸ್ವಯಂಸೇವೆಗೆ ಕೂರುತ್ತೇನೆ. ಯಾವ ಕ್ಯಾಪ್ಟನ್ ಯಾವ ರಾತ್ರಿ ಏನು ಮಾಡುತ್ತಾನೆ ಎಂದು ಆಡಳಿತ ಕಾಯುತ್ತಾ ಕೂರಲು ಸಾಧ್ಯವೇ? ಕೊನೆಗೆ ದಂಡ ಕಟ್ಟುವುದು ಯಾರು, ನಮ್ಮ ಮನೆತೆರಿಗೆ.

ಕಾನೂನು ಕಪಾಟು:

ವ್ಯತ್ಯಾಸ ಇದೆ, ಅದನ್ನು ಸೃಷ್ಟಿಸಿದ್ದೇ ಆ ತೀರ್ಪು. ಅದೇ ದಿನ ಇದೇ ವಿಷಯದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಎಲ್ಲರ್ತ್ ತೀರ್ಪಿನೊಂದಿಗೆ ಸೇರಿಸಿ ಓದಬೇಕು. ಮೇಲಧಿಕಾರಿ ತನ್ನ ಅಧಿಕಾರ ಬಳಸಿ ಕೆಲಸದಿಂದ ತೆಗೆದರೆ, ಹಿಂಬಡ್ತಿ ಕೊಟ್ಟರೆ, ಬಡ್ತಿ ತಪ್ಪಿಸಿದರೆ, ಉದ್ಯೋಗದಾತನಿಗೆ ನೇರ ಹೊಣೆ, ನೆಪ ನಡೆಯುವುದಿಲ್ಲ. ಅಂಥದ್ದು ಏನೂ ಆಗದೆ ವಾತಾವರಣವನ್ನಷ್ಟೇ ಕೆಡಿಸಿದ್ದರೆ ಉದ್ಯೋಗದಾತ ಒಂದು ಸಮರ್ಥನೆ ಮುಂದಿಡಬಹುದು. ಅದಕ್ಕೆ ಎರಡು ಕಾಲುಗಳು, ಎರಡೂ ನಿಲ್ಲಬೇಕು. ಕಿರುಕುಳ ತಡೆಯಲು, ನಡೆದರೆ ಬೇಗ ಸರಿಪಡಿಸಲು ತಕ್ಕ ಎಚ್ಚರ ವಹಿಸಿದ್ದೆ ಎಂದು ತೋರಿಸಬೇಕು. ಜೊತೆಗೆ, ದೂರಿನ ದಾರಿ ಇದ್ದರೂ ನೊಂದವರು ಸಕಾರಣವಿಲ್ಲದೆ ಅದನ್ನು ಬಳಸಲಿಲ್ಲ ಎಂದೂ ತೋರಿಸಬೇಕು. ರುಜುವಾತಿನ ಭಾರ ನಗರದ ಮೇಲೆ.

ಆದ್ದರಿಂದ ರಾತ್ರಿಯಿಡೀ ಕಾಯಿರಿ ಎಂದು ಯಾರೂ ಹೇಳುತ್ತಿಲ್ಲ. ಕಾಗದವನ್ನು ಠಾಣೆಯವರೆಗೆ ಮುಟ್ಟಿಸಿ, ಕ್ಯಾಪ್ಟನ್‌ಗಳಿಗೆ ತರಬೇತಿ ಕೊಡಿ, ಕ್ಯಾಪ್ಟನ್‌ನನ್ನು ಬಿಟ್ಟು ಇನ್ನೊಬ್ಬರ ಬಳಿಗೆ ಹೋಗುವ ಬಾಗಿಲು ತೆರೆದಿಡಿ, ದೂರು ಬಂದರೆ ತಿಪ್ಪೆ ಸಾರಿಸಬೇಡಿ. ಇಷ್ಟು ಮಾಡಿದ ನಗರ ಗೆದ್ದ ಪ್ರಕರಣಗಳು ಧಾರಾಳವಾಗಿವೆ. ನಿಜ ಹೇಳಬೇಕೆಂದರೆ, ಸೋಲುವವರಿಗಿಂತ ಗೆಲ್ಲುವ ಉದ್ಯೋಗದಾತರ ಮುಖಗಳೇ ನನಗೆ ಹೆಚ್ಚು ಪರಿಚಯ.

ರಾತ್ರಿಪಾಳಿ:

ನಮ್ಮ ನಿಯಮ ಪುಸ್ತಕದಲ್ಲಿ, "ಯಾವುದೇ ದೂರನ್ನು ಶ್ರೇಣಿಯ ಕ್ರಮದಲ್ಲಿ ಮೇಲಕ್ಕೆ ಕಳುಹಿಸಬೇಕು" ಎಂದಿದೆ. ಶ್ರೇಣಿಯ ಮೊದಲ ಮೆಟ್ಟಿಲು ಕ್ಯಾಪ್ಟನ್. ಅವರನ್ನು ದಾಟಿ ಹೋದರೆ ಅದೇ ಒಂದು ಶಿಸ್ತುಭಂಗ. ಕಿರುಕುಳದ ನಿಯಮ ಬೇರೆ ಕಡತದಲ್ಲಿದೆ, ಅದರಲ್ಲಿ ಸಿಬ್ಬಂದಿ ವಿಭಾಗಕ್ಕೆ ನೇರ ಹೋಗಬಹುದು ಎಂದಿದೆಯಂತೆ. ಎರಡನ್ನೂ ಒಟ್ಟಿಗೆ ಇಟ್ಟು ನಮಗೆ ಯಾರೂ ಹೇಳಿಕೊಟ್ಟಿಲ್ಲ.

ನಿವೃತ್ತ ಠಾಣಾಧಿಕಾರಿ:

ಮಗಳೇ, ನಾನು ಕರ್ನಾಟಕದ ಅಗ್ನಿಶಾಮಕ ಸೇವೆಯಲ್ಲಿ ಬದುಕು ಸವೆಸಿದವನು. ಕಾನೂನು ಗೊತ್ತಿಲ್ಲ, ಠಾಣೆ ಗೊತ್ತು. ಗಂಟೆ ಬಾರಿಸಿದ ಮೇಲೆ ವಾಹನ ಗೇಟು ದಾಟುವಷ್ಟರಲ್ಲಿ ಯಾರೂ ಏಕೆ ಎಂದು ಕೇಳಬಾರದು. ಅದಕ್ಕೇ ಈ ಶ್ರೇಣಿ, ಈ ಸೆಲ್ಯೂಟು. ನೀರಿನ ಒತ್ತಡ ಎಷ್ಟು ಬೇಕು, ಏಣಿ ಯಾವ ಗೋಡೆಗೆ ಎಂಬುದರಲ್ಲಿ ಅಧಿಕಾರಿಯ ಮಾತೇ ಕೊನೆ. ತೊಂದರೆ ಶುರುವಾಗುವುದು ವಾಹನ ಹಿಂದಿರುಗಿ ಪೈಪು ಒಣಗಲು ಹಾಕಿದ ಮೇಲೆ. ಅದೇ ಅಧಿಕಾರ ಬ್ಯಾರಕ್ಕಿನ ಒಳಗೂ ಬರುತ್ತದೆ. ಚಹಾ ತರಿಸುವುದು, ಬಟ್ಟೆ ಒಗೆಸುವುದು, ರಜೆಗೆ ಸತಾಯಿಸುವುದು, ಇವೆಲ್ಲ ಗಂಡಸರಿಗೂ ಆಗುತ್ತಿತ್ತು. ನಮ್ಮ ಕಾಲದಲ್ಲಿ ನನ್ನ ಠಾಣೆಯಲ್ಲಿ ಹೆಂಗಸರು ಇರಲಿಲ್ಲ. ಇದ್ದಿದ್ದರೆ ಏನಾಗುತ್ತಿತ್ತು ಎಂದು ಈಗ ಯೋಚಿಸಿದರೆ ಮುಜುಗರವಾಗುತ್ತದೆ.

ಬೆಂಕಿಯ ಸ್ಥಳದ ಶ್ರೇಣಿ ಬೇರೆ, ದೂರಿನ ಶ್ರೇಣಿ ಬೇರೆ ಇರಬೇಕು ಎಂದು ವಕೀಲರು ಹೇಳಿದ್ದು ನನಗೆ ಅರ್ಥವಾಯಿತು. ಇದನ್ನು ಬರೆಯಲು ಕೋರ್ಟ್ ಬೇಕಾಯಿತೇ ಎಂಬುದು ಅರ್ಥವಾಗಲಿಲ್ಲ.

ಕಾನೂನು ಕಪಾಟು:

ಈಗ ರಾತ್ರಿಪಾಳಿಯವರ ಎರಡನೆಯ ಪ್ರಶ್ನೆ, ಹೆಚ್ಚು ಕಹಿಯಾದದ್ದು. ಕ್ಯಾಪ್ಟನ್ ಕಾನೂನಿನ ಕಣ್ಣಿನಲ್ಲಿ ನಿಮ್ಮ ಮೇಲಧಿಕಾರಿ ಅಲ್ಲದಿರಬಹುದು.

ಹುಬ್ಬೇರಿಸಬೇಡಿ. 2013ರಲ್ಲಿ ವಾನ್ಸ್ ವಿರುದ್ಧ ಬಾಲ್ ಸ್ಟೇಟ್ ವಿಶ್ವವಿದ್ಯಾಲಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಹೀಗೆಂದಿತು: ಕೆಲಸಕ್ಕೆ ಸೇರಿಸುವ, ತೆಗೆಯುವ, ಬಡ್ತಿ ಕೊಡುವ ಅಥವಾ ನಿರಾಕರಿಸುವ, ಗಣನೀಯವಾಗಿ ಬೇರೆ ಹೊಣೆಗಾರಿಕೆಯ ಹುದ್ದೆಗೆ ಹಾಕುವ, ಇಂಥ ಅಧಿಕಾರವನ್ನು ಉದ್ಯೋಗದಾತ ಕೊಟ್ಟಿದ್ದರೆ ಮಾತ್ರ ಅವನು ಮೇಲಧಿಕಾರಿ. ದಿನದ ಕೆಲಸ ಹಂಚುವುದು, ಯಾವ ವಾಹನಕ್ಕೆ ಯಾರು ಎನ್ನುವುದು ಸಾಲದು. ಬಹುತೇಕ ನಗರಗಳ ಅಗ್ನಿಶಾಮಕ ಇಲಾಖೆಗಳಲ್ಲಿ ನೇಮಕ ಮತ್ತು ವಜಾ ಸಿವಿಲ್ ಸರ್ವಿಸ್ ಮಂಡಳಿ, ಇಲಾಖಾ ಮುಖ್ಯಸ್ಥರು, ಮೇಯರ್ ಇವರ ಕೈಯಲ್ಲಿ. ಕ್ಯಾಪ್ಟನ್‌ಗೆ ನಿಮ್ಮನ್ನು ಉರಿಯುವ ಮನೆಯೊಳಗೆ ಕಳುಹಿಸುವ ಅಧಿಕಾರ ಉಂಟು, ಕೆಲಸದಿಂದ ತೆಗೆಯುವ ಅಧಿಕಾರವಿಲ್ಲ. ಹಾಗಾಗಿ ಲೆಕ್ಕದಲ್ಲಿ ಅವನೂ ಪಕ್ಕದ ಮಂಚದವನೂ ಒಂದೇ.

ನ್ಯಾಯಮೂರ್ತಿ ರುತ್ ಬೇಡರ್ ಗಿನ್ಸ್‌ಬರ್ಗ್ ತಮ್ಮ ಭಿನ್ನಮತದಲ್ಲಿ ನೆನಪಿಸಿದ್ದು ಇದನ್ನೇ: ಫಾರಘರ್ ಪ್ರಕರಣದ ಆ ಶೌಚಾಲಯದ ಅಧಿಕಾರಿ ಈ ಹೊಸ ಅಳತೆಯಲ್ಲಿ ಮೇಲಧಿಕಾರಿಯೇ ಅಲ್ಲ!

ಮಲ್ಲೇಶ್ವರದ ಸಮಿತಿ ಸದಸ್ಯೆ:

ಇದು ಓದಿ ಬೆಚ್ಚಿದೆ. ಪಕ್ಕದ ಮಂಚದವನಿಗೆ ಸಮ ಎಂದಾದರೆ ಮುಂದೇನು?

ಕಾನೂನು ಕಪಾಟು:

ಸಹೋದ್ಯೋಗಿಯ ಕಿರುಕುಳವಾದರೆ ಉದ್ಯೋಗದಾತನ ನಿರ್ಲಕ್ಷ್ಯವನ್ನು ನೊಂದವರೇ ಸಾಬೀತುಪಡಿಸಬೇಕು. ಅಂದರೆ ನಗರಕ್ಕೆ ಗೊತ್ತಿತ್ತು, ಅಥವಾ ಗೊತ್ತಿರಬೇಕಿತ್ತು, ಆದರೂ ಸರಿಯಾದ ಕ್ರಮ ಕೈಗೊಳ್ಳಲಿಲ್ಲ ಎಂದು. ಭಾರ ತಕ್ಕಡಿಯ ಈ ಕಡೆಗೆ ಬರುತ್ತದೆ.

ಎರಡು ಸಮಾಧಾನಗಳಿವೆ. ವಾನ್ಸ್ ತೀರ್ಪು ಬರೆದ ನ್ಯಾಯಮೂರ್ತಿ ಸ್ಯಾಮ್ಯುಯೆಲ್ ಅಲಿಟೋ ಅವರೇ ಒಂದು ಕಿಂಡಿ ಬಿಟ್ಟಿದ್ದಾರೆ. ತೀರ್ಮಾನದ ಅಧಿಕಾರ ದೂರದಲ್ಲಿರುವ ಕೆಲವರ ಕೈಯಲ್ಲಿದ್ದು, ಅವರು ಕೆಳಗಿನವರ ಶಿಫಾರಸನ್ನೇ ನೆಚ್ಚಿಕೊಂಡಿದ್ದರೆ, ಅಧಿಕಾರವನ್ನು ಕಾರ್ಯತಃ ಕೆಳಗಿನವರಿಗೇ ಒಪ್ಪಿಸಿದಂತೆ ಎನ್ನಬಹುದು. ಪರೀಕ್ಷಾರ್ಥ ಅವಧಿಯಲ್ಲಿರುವ ಹೊಸಬಳ ಬಗ್ಗೆ ಕ್ಯಾಪ್ಟನ್ ಬರೆಯುವ ವರದಿ ಇಲ್ಲಿ ಬಹಳ ಮುಖ್ಯ. ಆ ವರದಿಯಲ್ಲಿ ಅನುತ್ತೀರ್ಣ ಎಂದರೆ ಮನೆಗೆ ಹೋಗಬೇಕು ಎಂದಾದರೆ, ಕ್ಯಾಪ್ಟನ್ ಬರೀ ಸಹೋದ್ಯೋಗಿ ಎಂದು ನಗರ ವಾದಿಸುವುದು ಕಷ್ಟ. ಎರಡನೆಯದು, ಇಪ್ಪತ್ತನಾಲ್ಕು ಗಂಟೆ ಒಂದೇ ಸೂರಿನಡಿ ಇರುವ ಜಾಗದಲ್ಲಿ "ನಮಗೆ ಗೊತ್ತಿರಲಿಲ್ಲ" ಎಂಬ ಮಾತನ್ನು ಜ್ಯೂರಿ ಸುಲಭವಾಗಿ ನಂಬುವುದಿಲ್ಲ. ಗೋಡೆಯ ಮೇಲೆ ಬರೆದದ್ದನ್ನು ದಿನಾ ನೋಡುತ್ತಿದ್ದ ಅಧಿಕಾರಿಗೆ, ಲಿಖಿತ ದೂರು ಬರಲಿಲ್ಲ ಎಂದು ಜಾಣಕುರುಡು ತೋರುವ ಅವಕಾಶವಿಲ್ಲ.

ಅಗ್ನಿಶಾಮಕ ಇಲಾಖೆಯದ್ದೇ ಉದಾಹರಣೆ ಬೇಕಾದರೆ ರೋಡ್ ಐಲೆಂಡ್‌ನ ಪ್ರಾವಿಡೆನ್ಸ್ ನಗರದ ವಿರುದ್ಧ 2001ರಲ್ಲಿ ಬಂದ ಓರೂರ್ಕ್ ತೀರ್ಪು ನೋಡಿ. ಆಕೆ ಆ ಇಲಾಖೆಗೆ ಸೇರಿದ ಮೊದಮೊದಲ ಹೆಂಗಸರಲ್ಲಿ ಒಬ್ಬರು. ಠಾಣೆಯಲ್ಲಿ ಅಶ್ಲೀಲ ಪತ್ರಿಕೆಗಳು, ಮೈ ಬಗ್ಗೆ ಮಾತು, ವರ್ಷಗಟ್ಟಲೆ ಸಾಗಿದ ಸಣ್ಣ ಸಣ್ಣ ಅವಮಾನಗಳು. ಜ್ಯೂರಿ 2,75,000 ಡಾಲರ್ ಪರಿಹಾರ ಕೊಟ್ಟಿತು. ವಿಚಾರಣಾ ನ್ಯಾಯಾಲಯ ಅದನ್ನು ತಳ್ಳಿಹಾಕಿ ಮತ್ತೆ ವಿಚಾರಣೆ ನಡೆಸಿತು. ಮೇಲ್ಮನವಿ ನ್ಯಾಯಾಲಯ ಮೊದಲಿನ ತೀರ್ಮಾನವನ್ನೇ ಎತ್ತಿಹಿಡಿಯಿತು. ಒಂದೊಂದು ಘಟನೆಯನ್ನು ಬಿಡಿಸಿ ಇಟ್ಟು ಇದು ಚಿಕ್ಕದು, ಅದು ಹಳೆಯದು ಎನ್ನುವಂತಿಲ್ಲ, ಒಟ್ಟು ವಾತಾವರಣವನ್ನು ನೋಡಬೇಕು ಎಂಬುದು ಅದರ ತಿರುಳು.

ಸಾಗರದ ಅಳಿಯ:

ಠಾಣೆಯಲ್ಲಿ ಪತ್ರಿಕೆ ಓದುವುದನ್ನೂ ನಗರ ನಿಷೇಧಿಸಬೇಕೇ? ಬಿಡುವಿನಲ್ಲಿ ಯಾರು ಏನು ಓದುತ್ತಾರೆ ಎಂದು ಇಣುಕುವುದು ಅತಿಯಲ್ಲವೇ?

ಕಾನೂನು ಕಪಾಟು:

ಒಳ್ಳೆಯ ತಕರಾರು, ಕೋರ್ಟಿಗೂ ಹೋಗಿದೆ. ಲಾಸ್ ಏಂಜಲೀಸ್ ಕೌಂಟಿಯ ಅಗ್ನಿಶಾಮಕ ಇಲಾಖೆ 1992ರಲ್ಲಿ ಠಾಣೆಗಳಲ್ಲಿ ಪ್ಲೇಬಾಯ್‌ನಂಥ ಪತ್ರಿಕೆಗಳನ್ನು ನಿಷೇಧಿಸಿತು. ಕ್ಯಾಪ್ಟನ್ ಒಬ್ಬರು ದಾವೆ ಹೂಡಿದರು. 1994ರಲ್ಲಿ ಫೆಡರಲ್ ನ್ಯಾಯಾಲಯ ಅವರ ಪರ ತೀರ್ಪಿತ್ತಿತು: ತನ್ನ ಪಾಡಿಗೆ ತಾನು ಖಾಸಗಿಯಾಗಿ ಓದುವುದು ವಾಕ್ ಸ್ವಾತಂತ್ರ್ಯದ ವ್ಯಾಪ್ತಿಯಲ್ಲಿ ಬರುತ್ತದೆ. ಮಂಚದಲ್ಲಿ ಮಲಗಿ ಓದುವುದಕ್ಕೂ, ಅದರ ಪುಟ ಹರಿದು ಹೆಣ್ಣುಮಗಳ ಲಾಕರ್‌ಗೆ ಅಂಟಿಸುವುದಕ್ಕೂ ಇರುವ ಅಂತರ ಯಾರಿಗಾದರೂ ತಿಳಿಯುತ್ತದೆ. ಆ ಅಂತರ ಕಾಯುವುದು ಇಲಾಖೆಯ ಕೆಲಸ.

ರಾತ್ರಿಪಾಳಿ:

ಲಾಕರ್ ಎಂದಿರಿ. ಒಂದು ಪಾಳಿಯಲ್ಲಿ ನನ್ನ ಲಾಕರ್ ತೆರೆದಾಗ ಒಳಗೆ ಏನಿತ್ತು ಎಂದು ಇಲ್ಲಿ ಬರೆಯುವುದಿಲ್ಲ. ಲೆಫ್ಟಿನೆಂಟ್ ಬಂದು ನೋಡಿ, ನಕ್ಕು, "ಹುಡುಗರು" ಎಂದರು. ಅಷ್ಟೇ ವಿಚಾರಣೆ.

ನಿವೃತ್ತ ಠಾಣಾಧಿಕಾರಿ:

ತಾಯಿ, ದಿನಾಂಕ ಬರೆದಿಟ್ಟುಕೊಂಡಿದ್ದೀರಾ?

ರಾತ್ರಿಪಾಳಿ:

ಬರೆದಿದ್ದೇನೆ ಸರ್. ಫೋಟೊ ಕೂಡ ಇದೆ.

ಲಾಂಗ್ ಐಲ್ಯಾಂಡ್ ಸ್ವಯಂಸೇವಕ:

ಮಧ್ಯೆ ಬಾಯಿ ಹಾಕುತ್ತೇನೆ. ನಾನು ಸಂಬಳವಿಲ್ಲದ ಅಗ್ನಿಶಾಮಕ. ಅಮೆರಿಕದ ಅಗ್ನಿಶಾಮಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಮ್ಮಂಥ ಸ್ವಯಂಸೇವಕರೇ ಎಂಬುದು ಅನೇಕ ಕನ್ನಡಿಗರಿಗೆ ಗೊತ್ತಿರುವುದಿಲ್ಲ. ನಮ್ಮ ಠಾಣೆ ಪಕ್ಕಾ ಹುಡುಗರ ಕೂಟ. ಅಪ್ಪ, ಮಗ, ಮೊಮ್ಮಗ ಎಲ್ಲರೂ ಅಲ್ಲೇ. ಸಂಬಳವೇ ಇಲ್ಲದ ಮೇಲೆ ಉದ್ಯೋಗದಾತ ಎಲ್ಲಿಂದ ಬಂದ? ಸೇರಿದ ಹೆಣ್ಣುಮಗಳಿಗೆ ತೊಂದರೆಯಾದರೆ ಈ ಕಾನೂನು ಅನ್ವಯಿಸುತ್ತದೆಯೇ?

ಕಾನೂನು ಕಪಾಟು:

ನಿಮ್ಮ ದ್ವೀಪದ್ದೇ ಪ್ರಕರಣ ಇದೆ. ಫಾರ್ಮಿಂಗ್‌ವಿಲ್ ಅಗ್ನಿಶಾಮಕ ಜಿಲ್ಲೆಯ ವಿರುದ್ಧ 1999ರ ಪಿಯೆಟ್ರಾಸ್ ತೀರ್ಪು. ಅದು ಕಿರುಕುಳದ್ದಲ್ಲ, ದೈಹಿಕ ಪರೀಕ್ಷೆಯಲ್ಲಿ ಹೆಂಗಸರಿಗೆ ಆದ ತಾರತಮ್ಯದ್ದು. ಆದರೆ ಅಲ್ಲಿ ಸಿಕ್ಕ ಉತ್ತರ ನಿಮಗೆ ಬೇಕಾದದ್ದು. ಸಂಬಳ ಇಲ್ಲದಿದ್ದರೂ ಪಿಂಚಣಿ, ಜೀವವಿಮೆ, ಮರಣ ಪರಿಹಾರ, ಅಂಗವೈಕಲ್ಯ ವಿಮೆ, ಒಂದಿಷ್ಟು ವೈದ್ಯಕೀಯ ಸೌಲಭ್ಯ ಸಿಗುತ್ತಿದ್ದರೆ ಸ್ವಯಂಸೇವಕರನ್ನು ಉದ್ಯೋಗಿ ಎಂದು ಪರಿಗಣಿಸಬಹುದು. ಒಹಾಯೊದ ಮಿಡಲ್‌ಫೀಲ್ಡ್ ಪ್ರಕರಣ 2011ರದು, ಅದು ಕಿರುಕುಳದ ದೂರೇ. 1964ರ ಆ ಕಾಯ್ದೆ ಅನ್ವಯಿಸಲು ಕನಿಷ್ಠ 15 ಉದ್ಯೋಗಿಗಳಿರಬೇಕು. ಸ್ವಯಂಸೇವಕರನ್ನು ಎಣಿಸಬೇಕೇ ಬೇಡವೇ ಎಂಬುದೇ ಅಲ್ಲಿ ಜಗಳ. ಸಂಬಳವಿಲ್ಲ ಎಂಬ ಒಂದೇ ಕಾರಣಕ್ಕೆ ಲೆಕ್ಕದಿಂದ ಕೈಬಿಡುವಂತಿಲ್ಲ, ಇಡೀ ಸಂಬಂಧವನ್ನು ನೋಡಬೇಕು ಎಂದಿತು ಮೇಲ್ಮನವಿ ನ್ಯಾಯಾಲಯ. ಎಲ್ಲ ವಲಯಗಳ ನ್ಯಾಯಾಲಯಗಳೂ ಹೀಗೆ ಹೇಳುವುದಿಲ್ಲ. ಕೆಲವು ಮೊದಲು ಗಣನೀಯ ಪ್ರತಿಫಲ ತೋರಿಸಿ ಎನ್ನುತ್ತವೆ.

ಥೇಮ್ಸ್ ದಂಡೆ:

ಲಂಡನ್‌ನಿಂದ ಒಂದು ಮಾತು. ಇಲ್ಲಿನ ಅಗ್ನಿಶಾಮಕ ದಳದ ಸಂಸ್ಕೃತಿಯ ಬಗ್ಗೆ ನಜೀರ್ ಅಫ್ಜಲ್ ನಡೆಸಿದ ಸ್ವತಂತ್ರ ಪರಿಶೀಲನೆಯ ವರದಿ 2022ರ ನವೆಂಬರ್‌ನಲ್ಲಿ ಬಂತು. ಸಂಸ್ಥೆಯೇ ಸ್ತ್ರೀದ್ವೇಷಿ, ಜನಾಂಗದ್ವೇಷಿ ಎಂದು ನೇರವಾಗಿ ಬರೆದರು. ಇಲ್ಲಿನ 2010ರ ಸಮಾನತಾ ಕಾಯ್ದೆಯಲ್ಲಿ ಕ್ಯಾಪ್ಟನ್ನೋ ಸಹೋದ್ಯೋಗಿಯೋ ಎಂಬ ಜಂಜಾಟವಿಲ್ಲ. ಕೆಲಸದ ಅವಧಿಯಲ್ಲಿ ಉದ್ಯೋಗಿ ಮಾಡಿದ್ದು ಉದ್ಯೋಗದಾತನೇ ಮಾಡಿದಂತೆ. ತಡೆಯಲು ಸಾಧ್ಯವಿದ್ದ ಎಲ್ಲ ಸಮಂಜಸ ಕ್ರಮ ಕೈಗೊಂಡಿದ್ದೆ ಎಂದು ತೋರಿಸಿದರೆ ಮಾತ್ರ ಬಿಡುಗಡೆ. 2024ರ ಅಕ್ಟೋಬರ್‌ನಿಂದ, ಕಿರುಕುಳ ನಡೆಯುವ ಮೊದಲೇ ತಡೆಯುವ ಕರ್ತವ್ಯವೂ ಸೇರಿಕೊಂಡಿದೆ; ಅದರಲ್ಲಿ ಸೋತರೆ ಪರಿಹಾರವನ್ನು ಶೇಕಡಾ 25ರವರೆಗೆ ಹೆಚ್ಚಿಸಬಹುದು. ನನ್ನ ಮಟ್ಟಿಗೆ ಇದು ವಾನ್ಸ್ ತೀರ್ಪಿಗಿಂತ ಎಷ್ಟೋ ಮೇಲು.

ಮಲ್ಲೇಶ್ವರದ ಸಮಿತಿ ಸದಸ್ಯೆ:

ನಾನು ಬೆಂಗಳೂರಿನಲ್ಲಿ ಒಂದು ಸಂಸ್ಥೆಯ, ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಯಲ್ಲಿದ್ದೇನೆ. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ ನಮ್ಮ 2013ರ ಕಾಯ್ದೆಯನ್ನು ಇದರ ಪಕ್ಕ ಇಟ್ಟು ನೋಡುತ್ತಿದ್ದೇನೆ. ನಮ್ಮ ಸುಪ್ರೀಂ ಕೋರ್ಟಿನ 1997ರ ವಿಶಾಖಾ ತೀರ್ಪಿನಿಂದ ಹುಟ್ಟಿದ ಕಾಯ್ದೆ. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ಸಮಿತಿ ಇರಲೇಬೇಕು, ಬೇರೆ ಬೇರೆ ಜಾಗಗಳಲ್ಲಿ ಶಾಖೆಗಳಿದ್ದರೆ ಒಂದೊಂದಕ್ಕೂ ಬೇರೆ ಸಮಿತಿ. ಅಧ್ಯಕ್ಷೆ ಹಿರಿಯ ಸ್ಥಾನದ ಮಹಿಳೆಯೇ ಆಗಬೇಕು, ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಂಗಸರಿರಬೇಕು. ಹೆಂಗಸರೇ ಇಲ್ಲದ ಅಗ್ನಿಶಾಮಕ ಠಾಣೆಯಲ್ಲಿ ಹಿರಿಯ ಮಹಿಳೆಯನ್ನು ಎಲ್ಲಿಂದ ತರುವುದು? ಬೇರೆ ಕಚೇರಿಯಿಂದ, ಬೇರೆ ಇಲಾಖೆಯಿಂದ ಕರೆತರಬಹುದು ಎಂದು ಕಾಯ್ದೆಯೇ ಹೇಳುತ್ತದೆ. ಹತ್ತಕ್ಕಿಂತ ಕಡಿಮೆ ಜನರಿದ್ದರೆ, ಅಥವಾ ದೂರು ಉದ್ಯೋಗದಾತನ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ಅಂದರೆ ಠಾಣೆಯ ಶ್ರೇಣಿಯನ್ನು ದಾಟುವ ಬಾಗಿಲನ್ನು ಕಾಯ್ದೆಯಲ್ಲೇ ಕೊರೆದಿಟ್ಟಿದ್ದಾರೆ. ಈ ವಿಷಯದಲ್ಲಿ ನಾವೇ ಮುಂದು.

ಹಣದ ವಿಷಯಕ್ಕೆ ಬಂದರೆ ತಲೆಕೆಳಗು. ನಮ್ಮಲ್ಲಿ ಸಮಿತಿ ಪರಿಹಾರ ಶಿಫಾರಸು ಮಾಡಿದರೆ ಅದನ್ನು ಕಿರುಕುಳ ಕೊಟ್ಟವನ ಸಂಬಳದಿಂದ ಕಡಿತ ಮಾಡುತ್ತಾರೆ. ಸಂಸ್ಥೆಗೆ? ಸಮಿತಿ ರಚಿಸದಿದ್ದರೆ, ಕರ್ತವ್ಯ ಮರೆತರೆ, 50,000 ರೂಪಾಯಿಯವರೆಗೆ ದಂಡ. ಮತ್ತೆ ತಪ್ಪಿದರೆ ದುಪ್ಪಟ್ಟು. ದೊಡ್ಡ ಸಂಸ್ಥೆಯೊಂದು ವಾರ್ಷಿಕೋತ್ಸವದ ಹೂವಿನ ಅಲಂಕಾರಕ್ಕೆ ಅದಕ್ಕಿಂತ ಹೆಚ್ಚು ಸುರಿಯುತ್ತದೆ.

ಸಾಗರದ ಅಳಿಯ:

ಮೇಡಂ, ನೀವು ತಲೆಕೆಳಗು ಎಂದದ್ದೇ ನನಗೆ ನೆಟ್ಟಗೆ ಕಾಣುತ್ತದೆ. ಮಾಡಿದವನ ಸಂಬಳದಿಂದ ಕತ್ತರಿಸುವುದು ನ್ಯಾಯ. ಇಲ್ಲಿ ಕಿರುಕುಳ ಕೊಟ್ಟ ಕ್ಯಾಪ್ಟನ್ ಪಿಂಚಣಿ ಎಣಿಸುತ್ತಾ ಮೀನು ಹಿಡಿಯುತ್ತಾನೆ, ಲಕ್ಷಗಟ್ಟಲೆ ಡಾಲರ್ ಕಟ್ಟುವುದು ಅವನ ಮುಖವನ್ನೇ ನೋಡದ ಅಜ್ಜಿಯ ತೆರಿಗೆ ಹಣ. ಅದು ಯಾವ ಸೀಮೆಯ ನ್ಯಾಯ?

ಕಾನೂನು ಕಪಾಟು:

ಅಮೆರಿಕದ 1964ರ ಕಾಯ್ದೆಯಡಿ ವ್ಯಕ್ತಿಯ ಮೇಲೆ ನೇರ ಹೊಣೆ ಇಲ್ಲ ಎಂಬುದು ನಿಜ. ಆದರೆ ಸರ್ಕಾರಿ ಅಧಿಕಾರಿಯಾದರೆ ಸಮಾನ ರಕ್ಷಣೆಯ ಹಕ್ಕಿನ ಉಲ್ಲಂಘನೆಗಾಗಿ ಇನ್ನೊಂದು ಫೆಡರಲ್ ಕಾನೂನಿನಡಿ ಅವನನ್ನೇ ವೈಯಕ್ತಿಕವಾಗಿ ಎಳೆಯಬಹುದು. ಅಲ್ಲಿ ನಗರವನ್ನು ಸೇರಿಸಬೇಕಾದರೆ ಅದರ ನೀತಿಯೋ ರೂಢಿಯೋ ಕಾರಣ ಎಂದು ತೋರಿಸಬೇಕು. ಲಕ್ಷಗಟ್ಟಲೆ ಎಂದಿರಿ. 1964ರ ಕಾಯ್ದೆಗೆ 1991ರಲ್ಲಿ ಬಂದ ತಿದ್ದುಪಡಿ ಮಿತಿ ಹಾಕಿದೆ: ಐನೂರಕ್ಕಿಂತ ಹೆಚ್ಚು ಉದ್ಯೋಗಿಗಳಿರುವ ಕಡೆಯೂ ಮಾನಸಿಕ ಯಾತನೆಯಂಥ ನಷ್ಟಕ್ಕೆ ಗರಿಷ್ಠ 3,00,000 ಡಾಲರ್, ಚಿಕ್ಕ ಊರುಗಳಿಗೆ 50,000. ಸರ್ಕಾರಿ ಸಂಸ್ಥೆಗಳ ಮೇಲೆ ದಂಡನಾತ್ಮಕ ಪರಿಹಾರ ಇಲ್ಲವೇ ಇಲ್ಲ. ಕಳೆದುಕೊಂಡ ಸಂಬಳ ಈ ಮಿತಿಗೆ ಸೇರುವುದಿಲ್ಲ. ಅಂದ ಹಾಗೆ ಫಾರಘರ್‌ಗೆ ಈ ಕಾಯ್ದೆಯಡಿ ನಗರದಿಂದ ಸಿಕ್ಕ ಪರಿಹಾರ ಎಷ್ಟು ಗೊತ್ತೇ? ಒಂದು ಡಾಲರ್. ಆಗಿನ ಕಾನೂನಿನಲ್ಲಿ ಅದಕ್ಕಿಂತ ಹೆಚ್ಚಿಗೆ ಎಡೆ ಇರಲಿಲ್ಲ. ಆ ಇಬ್ಬರು ಅಧಿಕಾರಿಗಳಿಗೆ ನಗರ ಕೊಟ್ಟಿದ್ದ ಶಿಕ್ಷೆ ಇನ್ನೂ ಚೆನ್ನ: ಸಂಬಳವಿಲ್ಲದ ಅಮಾನತು ಬೇಕೋ, ಕೂಡಿಟ್ಟ ರಜೆ ಬಿಟ್ಟುಕೊಡುತ್ತೀರೋ, ನೀವೇ ಆರಿಸಿಕೊಳ್ಳಿ ಎಂದರು.

ನಿಮ್ಮ ಅಜ್ಜಿಯ ತೆರಿಗೆಗೆ ಬರೋಣ. ಸಂಬಳದಿಂದ ಕತ್ತರಿಸಿದರೆ ಇಲಾಖೆಗೆ ಏನೂ ನೋಯುವುದಿಲ್ಲ. ಒಬ್ಬನನ್ನು ಬಲಿಕೊಟ್ಟು ಕೈತೊಳೆದುಕೊಳ್ಳುತ್ತದೆ, ಅದೇ ಕೋಣೆ, ಅದೇ ಶ್ರೇಣಿ, ಅದೇ ಲೆಫ್ಟಿನೆಂಟ್ ಉಳಿಯುತ್ತಾರೆ. ಆಯವ್ಯಯದಲ್ಲಿ ತೂತು ಬಿದ್ದರೆ ನಿಮ್ಮಂಥವರು ಸಮಿತಿಯಲ್ಲಿ ಎದ್ದು, ಕ್ಯಾಪ್ಟನ್‌ಗಳಿಗೆ ತರಬೇತಿ ಏಕೆ ಕೊಟ್ಟಿಲ್ಲ ಎಂದು ಕೇಳುತ್ತೀರಿ. ನೀವು ಈ ಚರ್ಚೆಗೆ ಬಂದದ್ದೇ ಮನೆತೆರಿಗೆಯ ಚಿಂತೆಯಿಂದ ಅಲ್ಲವೇ?

ಸಾಗರದ ಅಳಿಯ:

ಅದು ಮಾತಿನ ಚಮತ್ಕಾರ. ನನಗೆ ಎರಡೂ ಬೇಕು: ಇಲಾಖೆಗೂ ನೋಯಬೇಕು, ಅವನಿಗೂ ನೋಯಬೇಕು. ಅಜ್ಜಿಗೆ ಮಾತ್ರ ನೋಯುವ ವ್ಯವಸ್ಥೆಯನ್ನು ನಾನು ಒಪ್ಪುವುದಿಲ್ಲ.

ಮಲ್ಲೇಶ್ವರದ ಸಮಿತಿ ಸದಸ್ಯೆ:

ಅಳಿಯಂದಿರ ಈ ಮಾತಿಗೆ ನನ್ನದೂ ಒಂದು ಮತ. ಎರಡು ದೇಶಗಳ ಕಾಯ್ದೆಗಳೂ ಅರ್ಧರ್ಧ ನ್ಯಾಯ ಹಂಚಿಕೊಂಡಂತಿವೆ.

ನಿವೃತ್ತ ಠಾಣಾಧಿಕಾರಿ:

ನನಗೆ ದುಡ್ಡಿಗಿಂತ ಬೇರೊಂದು ಚಿಂತೆ. ಠಾಣೆಯಲ್ಲಿ ಒಬ್ಬರ ಮೇಲೆ ಒಬ್ಬರಿಗೆ ನಂಬಿಕೆ ಹೋದರೆ ಬೆಂಕಿಯಲ್ಲಿ ಸಾಯುವುದು ಹೊರಗಿನವರೂ ಹೌದು.

ಕಾನೂನು ಕಪಾಟು:

ಸರ್, ನೀವು ಹೇಳಿದ್ದಕ್ಕೆ ಹ್ಯೂಸ್ಟನ್ ನಗರದ ಪ್ರಕರಣ ನೋಡಿ. 2018ರಲ್ಲಿ ಅಮೆರಿಕದ ನ್ಯಾಯ ಇಲಾಖೆಯೇ ಆ ನಗರದ ಮೇಲೆ ದಾವೆ ಹೂಡಿತು. ಸ್ಥಳೀಯ ಸರ್ಕಾರಗಳ ವಿರುದ್ಧ, ಇಂಥ ದೂರುಗಳನ್ನು ಸ್ವೀಕರಿಸುವ ಫೆಡರಲ್ ಸಮಾನ ಉದ್ಯೋಗಾವಕಾಶ ಆಯೋಗ ತಾನೇ ಕೋರ್ಟಿಗೆ ಹೋಗುವಂತಿಲ್ಲ, ನ್ಯಾಯ ಇಲಾಖೆಗೆ ಒಪ್ಪಿಸಬೇಕು. ದೂರಿನ ಪ್ರಕಾರ ಗಂಡಸರು ಹೆಂಗಸರ ಸ್ನಾನದ ಕೋಣೆಯ ಗೋಡೆಗೆ ಮೂತ್ರ ಮಾಡುತ್ತಿದ್ದರು, ಸ್ನಾನ ಮಾಡುವಾಗ ತಣ್ಣೀರು ನಿಲ್ಲಿಸುತ್ತಿದ್ದರು, ಹೆಂಗಸರು ಮಲಗುವ ಕೋಣೆಯ ಧ್ವನಿವರ್ಧಕದ ಸದ್ದು ಅಡಗಿಸುತ್ತಿದ್ದರು. ಕರೆ ಬಂದದ್ದು ಅವರಿಗೆ ಕೇಳಬಾರದು! ಕೊನೆಗೆ 2009ರಲ್ಲಿ ಗೋಡೆಗಳ ಮೇಲೆ ಬೈಗುಳ, ಕೊಲೆ ಬೆದರಿಕೆ. ಹೇಳಿದರೂ ಮೇಲಿನವರು ತಡೆಯಲಿಲ್ಲ ಎಂಬುದೇ ನಗರದ ಮೇಲಿನ ಆರೋಪ.

ನಿವೃತ್ತ ಠಾಣಾಧಿಕಾರಿ:

ಧ್ವನಿವರ್ಧಕ ಅಡಗಿಸುವುದೇ? ನನ್ನ ಠಾಣೆಯಲ್ಲಿ ಹಾಗೆ ಮಾಡಿದ್ದರೆ ಅಂದೇ ಸಮವಸ್ತ್ರ ಕಳಚಿಸಿ ಕಳುಹಿಸುತ್ತಿದ್ದೆ. ಅದು ಕಿರುಕುಳ ಮಾತ್ರವಲ್ಲ, ಕರೆ ಮಾಡಿದವನಿಗೆ ಮಾಡಿದ ದ್ರೋಹ.

ರಾತ್ರಿಪಾಳಿ:

ನಾನು ಸಿಬ್ಬಂದಿ ವಿಭಾಗಕ್ಕೆ ಬರೆದರೆ, "ನಿಮ್ಮ ರಕ್ಷಣೆಗಾಗಿ" ಎಂದು ನನ್ನನ್ನೇ ಊರಾಚೆಯ ಠಾಣೆಗೆ ಹಾಕುತ್ತಾರೆ ಎಂದು ಜೊತೆಯ ಹೆಣ್ಣುಮಗಳೊಬ್ಬಳು ಎಚ್ಚರಿಸಿದ್ದಾಳೆ. ಅಲ್ಲಿ ಕರೆಗಳು ಕಡಿಮೆ, ಹೆಚ್ಚುವರಿ ಪಾಳಿಯ ಹಣವೂ ಕಡಿಮೆ. ನಮ್ಮ ಕಾರ್ಮಿಕ ಸಂಘದ ಮುಖಂಡರನ್ನು ಕೇಳಿದರೆ ಮೊದಲು ಒಳಗೊಳಗೇ ಬಗೆಹರಿಸೋಣ, ಅವಸರವಿಲ್ಲ ಎನ್ನುತ್ತಾರೆ.

ಕಾನೂನು ಕಪಾಟು:

ಅವಸರ ಇದೆ. ಆಯೋಗಕ್ಕೆ ದೂರು ಕೊಡಲು ರಾಜ್ಯವನ್ನು ಅವಲಂಬಿಸಿ 180 ಅಥವಾ 300 ದಿನ. ಒಳಗೊಳಗಿನ ವಿಚಾರಣೆ, ಕಾರ್ಮಿಕ ಸಂಘದ ಅಹವಾಲು ಇವು ಆ ಗಡಿಯಾರವನ್ನು ನಿಲ್ಲಿಸುವುದಿಲ್ಲ. ಹಳೆಯ ಘಟನೆಗಳು ವ್ಯರ್ಥ ಎಂದೇನೂ ಇಲ್ಲ: 2002ರ ಮಾರ್ಗನ್ ತೀರ್ಪಿನಂತೆ, ಒಂದೇ ಸರಣಿಗೆ ಸೇರಿದ ಒಂದು ಕೃತ್ಯವಾದರೂ ಅವಧಿಯೊಳಗೆ ನಡೆದಿದ್ದರೆ ಹಿಂದಿನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಲಾಕರ್‌ನ ಘಟನೆ ಯಾವ ತಿಂಗಳದ್ದು ಎಂದು ಮೊದಲು ನೋಡಿ.

ವರ್ಗಾವಣೆಯ ಬಗ್ಗೆ: 2006ರಲ್ಲಿ ರೈಲು ಕಂಪನಿಯೊಂದರ ವಿರುದ್ಧ ಬಂದ ವೈಟ್ ತೀರ್ಪು ನಿಮ್ಮ ಪರವಾಗಿದೆ. ದೂರು ಕೊಟ್ಟ ಹೆಂಗಸನ್ನು ಫೋರ್ಕ್‌ಲಿಫ್ಟ್ ಓಡಿಸುವ ಕೆಲಸದಿಂದ ತೆಗೆದು ಹಳಿಯ ಮೇಲಿನ ಕೂಲಿಗೆ ಹಾಕಿದ್ದರು, ಸಂಬಳ ಅಷ್ಟೇ ಇತ್ತು. ಆದರೂ ಅದು ಸೇಡಿನ ಕ್ರಮ ಎಂದಿತು ಕೋರ್ಟ್. ಸಾಮಾನ್ಯ ಮನುಷ್ಯರು ದೂರು ಕೊಡಲು ಹಿಂಜರಿಯುವಂತೆ ಮಾಡುವ ಕ್ರಮವಾದರೆ ಸಾಕು ಎಂಬುದು ಅಳತೆ. ಹಾಗಾಗಿ ಸಿಬ್ಬಂದಿ ವಿಭಾಗಕ್ಕೆ ಇಮೇಲ್‌ನಲ್ಲೇ ಬರೆಯಿರಿ, ಪ್ರತಿಯನ್ನು ಇಲಾಖೆಯ ಖಾತೆಯಲ್ಲಿ ಮಾತ್ರ ಇಡಬೇಡಿ, ನಿಮ್ಮನ್ನು ವರ್ಗಾಯಿಸಲು ನೀವು ಕೇಳಿಲ್ಲ ಎಂಬ ಒಂದು ಸಾಲನ್ನು ಸೇರಿಸಿ. ಕಿರುಕುಳದ ನಿಯಮದ ಕಡತದ ಪ್ರತಿಯನ್ನೂ ಅದೇ ಪತ್ರದಲ್ಲಿ ಕೇಳಿ. ನಿಮ್ಮ ರಾಜ್ಯದ ವಕೀಲರೊಬ್ಬರನ್ನು ಈ ವಾರವೇ ಕಾಣಿ. ಮೊದಲ ಭೇಟಿಗೆ ಅನೇಕರು ಹಣ ಕೇಳುವುದಿಲ್ಲ.

ರಾತ್ರಿಪಾಳಿ:

ಲಾಕರ್‌ನದು ಫೆಬ್ರುವರಿ. ಪತ್ರ ಬರೆಯಲು ಕುಳಿತಿದ್ದೇನೆ. ಮುಖ್ಯಸ್ಥರಿಗೂ ಒಂದು ಪ್ರತಿ ಹಾಕಲೇ, ಸಿಬ್ಬಂದಿ ವಿಭಾಗಕ್ಕೆ ಮಾತ್ರ ಸಾಕೇ?

ಕಾನೂನು ಕಪಾಟು:

ಇಬ್ಬರಿಗೂ ಹಾಕಿ. ನಾಳೆ ಯಾರೂ ಗೊತ್ತಿರಲಿಲ್ಲ ಎನ್ನಬಾರದು.